ಎರಡು ಬಣ್ಣದ ಉಣ್ಣೆಯ ಕಾಲುಚೀಲ: ನಾನು ಹೆಣೆಯುವ ಬಗೆ

ಚಿತ್ತಾರದ ಕಾಲುಚೀಲ ಹೆಣೆದು ಮುಗಿಸಿ ಹಾಕಹೋದರೆ ಹಿಮ್ಮಡಿಯ ಹತ್ತಿರ ಸಿಕ್ಕಿಕೊಳ್ಳುತ್ತದೆ. ಪಾದದ ಸುತ್ತಳತೆ 22 ಸೆಂ.ಮೀ. ಇದ್ದರೂ ಹಿಮ್ಮಡಿಯನ್ನು ಓರೆಯಾಗಿ ಅಳೆದರೆ 30 ದಾಟುತ್ತದೆ. ಒಂದು ಬಣ್ಣದಲ್ಲಿ ಹೆಣೆಯುವಾಗ ಇನ್ನೊಂದು ಬಣ್ಣದ ದಾರ ಒಳಮೈಯಲ್ಲಿ ಓಡುತ್ತದೆ; ಅದು ಬಿಗಿಯಾಗಿದ್ದರೆ ಚೀಲ ಅಷ್ಟು ಹಿಗ್ಗುವುದಿಲ್ಲ.

ಬಣ್ಣ ಹಾಕದ ಬಿಳಿ ಉಣ್ಣೆ 100 ಗ್ರಾಂ, ಕಂದು 50 ಗ್ರಾಂ ತೆಗೆದುಕೊಳ್ಳುತ್ತೇನೆ. 100 ಗ್ರಾಮಿಗೆ 400 ಮೀಟರ್ ಬರುವಷ್ಟು ತೆಳು ಇರಬೇಕು. ನಮ್ಮ ಕಂಬಳಿಯ ದಖನಿ ಉಣ್ಣೆ ಒರಟು, ಬರಿಗಾಲಿಗೆ ಚುಚ್ಚುತ್ತದೆ. ಮೆರಿನೊ ಮೆತ್ತಗಿದ್ದರೂ ಬೇಗ ಸವೆಯುತ್ತದೆ, ಹಾಗಾಗಿ ಹುರಿ ಬಿಗಿಯಾಗಿರುವುದನ್ನೇ ಆರಿಸುತ್ತೇನೆ.

2.5 ಮಿ.ಮೀ. ಕಡ್ಡಿಯಲ್ಲಿ 64 ಸ್ಟಿಚ್ (ಕುಣಿಕೆ) ಹಾಕಿ, 2 ನಿಟ್ 2 ಪರ್ಲ್‌ನಂತೆ 4 ಸೆಂ.ಮೀ. ಪಟ್ಟಿ. ನಿಟ್ ಎಂದರೆ ನೇರ ಹೆಣಿಗೆ, ಪರ್ಲ್ ಎಂದರೆ ಉಲ್ಟಾ ಹೆಣಿಗೆ. ಆಮೇಲೆ ಪ್ರತಿ 8ಕ್ಕೆ ಒಂದು ಹೆಚ್ಚಿಸಿ 72 ಮಾಡಿ, 2.75ರ ಕಡ್ಡಿಗೆ ಬದಲಾಯಿಸುತ್ತೇನೆ. 12 ಸ್ಟಿಚ್ಚಿನ ಚಿತ್ತಾರ ಆರು ಸಲ ಸರಿಯಾಗಿ ಕೂರುತ್ತದೆ. 10 ಸೆಂ.ಮೀ.ಗೆ 32 ಸ್ಟಿಚ್ ಬರಬೇಕು. ಇದನ್ನು ನೋಡಲು ಮೊದಲು ಹೆಣೆಯುವ ಅಳತೆಯ ತುಂಡನ್ನೂ ಚೀಲದಂತೆ ಸುತ್ತಾಗಿಯೇ ಹೆಣೆಯಿರಿ. ಹಿಂದೆಮುಂದೆ ಹೆಣೆದರೆ ಪರ್ಲ್ ಸಾಲಿನ ಬಿಗಿ ಬೇರೆಯಾಗಿ ಲೆಕ್ಕ ತಪ್ಪುತ್ತದೆ.

ದಾರ ಸಡಿಲ ಬಿಡುವುದೇ ಇಲ್ಲಿಯ ಕೈಚಳಕ. ಬಣ್ಣ ಬದಲಿಸುವ ಮೊದಲು ಬಲಗಡ್ಡಿಯ ಸ್ಟಿಚ್‌ಗಳನ್ನು ಬೆರಳಿಂದ ಅಗಲಕ್ಕೆ ಸರಿಸಿ, ಆಮೇಲೆ ದಾರ ಎಳೆಯಿರಿ. ಕಡ್ಡಿಗಳು ಸೇರುವ ಮೂಲೆಯಲ್ಲೇ ಹೆಚ್ಚು ಬಿಗಿಯುವುದು. ಚೀಲವನ್ನು ಒಳಮೈ ಹೊರಗಾಗಿ ಹಿಡಿದು ಹೆಣೆದರೆ ದಾರ ಹೊರಸುತ್ತಿನಲ್ಲಿ ಓಡಿ ತಾನೇ ಉದ್ದ ಸಿಗುತ್ತದೆ. 5 ಸ್ಟಿಚ್‌ಗಿಂತ ಹೆಚ್ಚು ದಾಟಿದರೆ ನಡುವೆ ಒಮ್ಮೆ ಅದನ್ನು ಹೆಣೆಯುತ್ತಿರುವ ದಾರಕ್ಕೆ ಸಿಕ್ಕಿಸಿ. ಕಂದು ದಾರ ಸದಾ ಕೆಳಗಿನಿಂದಲೇ ಬರಲಿ; ಮಧ್ಯದಲ್ಲಿ ಅದಲುಬದಲಾದರೆ ಅಲ್ಲಿ ಚಿತ್ತಾರ ಮಂಕಾಗಿ ಕಾಣುತ್ತದೆ.

ಹಿಮ್ಮಡಿ 36 ಸ್ಟಿಚ್, 36 ಸಾಲು, ಬಿಳಿ ಮಾತ್ರ, 2.25ರ ಕಡ್ಡಿ. ನೈಲಾನ್ ಇಲ್ಲದ ಉಣ್ಣೆಯಾದ್ದರಿಂದ ಹೊರಮೈ ಕಾಣುವ ಸಾಲಿನಲ್ಲಿ ಒಂದು ಬಿಟ್ಟು ಒಂದು ಸ್ಟಿಚ್ ಹೆಣೆಯದೆ ಜಾರಿಸಿ ದಪ್ಪ ಮಾಡುತ್ತೇನೆ. ಹಿಮ್ಮಡಿಯ ತಳವನ್ನು ಸ್ಟಿಚ್ ಇಳಿಸುತ್ತಾ ತಿರುವಿದ ಮೇಲೆ 20 ಉಳಿಯುತ್ತದೆ. ಎರಡೂ ಅಂಚಿನಿಂದ 18ರಂತೆ ಎತ್ತಿಕೊಂಡರೆ, ಪಾದದ ಮೇಲ್ಭಾಗಕ್ಕೆ ಉಳಿದಿದ್ದ 36 ಸೇರಿ 92 ಆಗುತ್ತದೆ; ಅಲ್ಲಿಂದ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಎರಡು ಇಳಿಸುತ್ತಾ 64ಕ್ಕೆ ಬರುತ್ತೇನೆ. ಪಾದಕ್ಕೆ ಚಿತ್ತಾರ ಬೇಡ, ಒಳಗಿನ ದಾರ ಉಗುರಿಗೆ ಸಿಕ್ಕುತ್ತದೆ.

ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಒದ್ದೆಯಿರುವಾಗಲೇ ಅಳತೆಗೆ ಎಳೆದು ನೆರಳಲ್ಲಿ ಹಾಸಿಡಿ. ಬಿಸಿನೀರಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕುಗ್ಗುತ್ತವೆ. ಹಾಗೆ ಕುಗ್ಗಿದ್ದು ಮತ್ತೆ ಹಿಗ್ಗದು.