ಖಾಲಿ ತೋಟಾಗೂ ಗಿರಾಕಿ ಇದ್ದಾರೆ: ಆರಿಸುವುದು, ತೂಗುವುದು, ಕಟ್ಟುವುದು ಹೇಗೆ?

ನಾನು ಮೊದಲ ಸಲ ಮಾರಿದ 1000 ಖಾಲಿ ತೋಟಾಗಳಲ್ಲಿ, ಅಂದರೆ ಬಂದೂಕಿನಿಂದ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಚಿಪ್ಪುಗಳಲ್ಲಿ, 37 ಬೇರೆ ಅಳತೆಯವು. ಕೊಂಡವರು ಬೈಯಲಿಲ್ಲ. ಆ 37ನ್ನು ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಒಂದು ಫೋಟೊ ಕಳಿಸಿದರು, ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ನಾನಿರುವುದು ಟೆಕ್ಸಸ್‌ನಲ್ಲಿ. ಇಲ್ಲಿ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ ರೇಂಜ್ ಅಂತಾರೆ. ಶನಿವಾರ ಸಂಜೆ ಹೋದರೆ ನೆಲದ ತುಂಬ ಹಿತ್ತಾಳೆ ಮಿನುಗುತ್ತಿರುತ್ತದೆ. ಕೇಪಿನ ಕೋವಿ, ತೋಟಾ ಕೋವಿ ನೋಡಿ ಬೆಳೆದ ಮಲೆನಾಡಿನವರಿಗೆ ಜಾಸ್ತಿ ವಿವರಿಸಬೇಕಿಲ್ಲ. ತೋಟಾದಲ್ಲಿ ಇರುವುದು ನಾಲ್ಕೇ ಭಾಗ: ಗುಂಡು, ಮದ್ದು, ಮದ್ದಿಗೆ ಕಿಡಿ ಹೊತ್ತಿಸಲು ತಳದಲ್ಲೊಂದು ಕೇಪು, ಇವನ್ನೆಲ್ಲ ಹಿಡಿದಿಡುವ ಚಿಪ್ಪು. ಹೊಡೆದ ಮೇಲೆ ಗುಂಡು ಹೋಯಿತು, ಮದ್ದು ಉರಿಯಿತು, ಕೇಪು ಸತ್ತಿತು. ಚಿಪ್ಪು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. 70 ಪಾಲು ತಾಮ್ರ, 30 ಪಾಲು ಸತು ಬೆರೆತ ಹಿತ್ತಾಳೆ ಅದು. ಅದಕ್ಕೇ ಹೊಸ ಕೇಪು, ಮದ್ದು, ಗುಂಡು ಹಾಕಿ ಮನೆಯ ಗ್ಯಾರೇಜಿನಲ್ಲಿ ಮತ್ತೆ ತೋಟಾ ಕಟ್ಟಿಕೊಳ್ಳುವ ಹವ್ಯಾಸಿಗಳು ಅಮೆರಿಕದಲ್ಲಿ ತುಂಬ ಜನ. ಅವರಿಗೆ ರೀಲೋಡರ್ ಅಂತ ಹೆಸರು. ನಮ್ಮ ಗಿರಾಕಿಗಳು ಅವರೇ.

ಬರೀ ಹಿತ್ತಾಳೆ ಬೇಕಿದ್ದರೆ ಗುಜರಿಯಲ್ಲೂ ಸಿಗುತ್ತದೆ. ಅವರು ನಮಗೆ ನಾಲ್ಕು ಕಾಸು ಜಾಸ್ತಿ ಕೊಡುವುದು, ಕಲ್ಲು ಆರಿಸಿದ ಅಕ್ಕಿಗೆ ಕೊಟ್ಟ ಹಾಗೆ.

ಮೊದಲು ಕಾನೂನು

ಇದನ್ನು ಹಾರಿಸಿ ಮುಂದೆ ಹೋಗಬೇಡಿ. 1968ರ ಅಮೆರಿಕದ ಬಂದೂಕು ಕಾಯ್ದೆಯಲ್ಲಿ ಮದ್ದುಗುಂಡು ಅಂದರೆ ಇಡೀ ತೋಟಾ ಮಾತ್ರ ಅಲ್ಲ. ಚಿಪ್ಪು, ಕೇಪು, ಗುಂಡು, ಮದ್ದು ಬಿಡಿಬಿಡಿಯಾಗಿದ್ದರೂ ಅದೇ ಲೆಕ್ಕ. ಎಚ್‌1ಬಿಯಂಥ ವೀಸಾದಲ್ಲಿ ಇರುವವರು, ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಹೊಡೆದ ಚಿಪ್ಪಿಗೂ ಇದು ಅನ್ವಯಿಸುತ್ತದೋ ಇಲ್ಲವೋ ಎಂದು ವಾದ ಮಾಡುತ್ತಾ ನಮ್ಮ ವೀಸಾ ಪಣಕ್ಕಿಡುವುದು ಯಾಕೆ? ಆ ವೀಸಾದಲ್ಲಿ ಇಂಥ ಪಕ್ಕದ ವ್ಯಾಪಾರಕ್ಕೂ ಅವಕಾಶ ಇಲ್ಲ. ಗ್ರೀನ್ ಕಾರ್ಡ್ ಬರಲಿ, ಆಮೇಲೆ ನೋಡೋಣ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ಅದನ್ನೂ ವಿಚಾರಿಸಿಕೊಳ್ಳಿ. ಇನ್ನೊಂದು: ತುಂಬಿದ ತೋಟಾ ಕಟ್ಟಿ ಮಾರುವುದಕ್ಕೆ ಫೆಡರಲ್ ಪರವಾನಗಿ ಬೇಕೇ ಬೇಕು. ನಾನು ಹೇಳುತ್ತಿರುವುದು ಖಾಲಿ ಚಿಪ್ಪಿನ ಮಾತು ಮಾತ್ರ.

ಭಾರತದಲ್ಲಿ ಈ ವ್ಯಾಪಾರದ ಯೋಚನೆಯೇ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಮದ್ದುಗುಂಡೇ. 'ಚೆನ್ನಾಗಿದೆ, ಕೀ ಚೈನ್ ಮಾಡಿಸೋಣ' ಅಂತ ಒಂದು ಚಿಪ್ಪನ್ನು ಸೂಟ್‌ಕೇಸಿಗೆ ಹಾಕಿಕೊಂಡು ಊರಿಗೆ ಹೊರಟೀರಿ! ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅದು ಏನು ಎಂದು ವಿವರಿಸುತ್ತಾ ಕೂರಬೇಕಾಗುತ್ತದೆ.

ರೇಂಜಿನವರನ್ನೂ ಕೇಳಿ. ಬಿದ್ದ ಹಿತ್ತಾಳೆ ನಮ್ಮದೇ ಎನ್ನುವ ರೇಂಜುಗಳು ಬೇಕಾದಷ್ಟಿವೆ. ಕೇಳದೆ ಹೆಕ್ಕಿದರೆ ಅದು ಕಳ್ಳತನ.

ಆರಿಸುವುದು

ನಿಜವಾದ ಕೆಲಸ ಇಲ್ಲಿದೆ. ಕೈಗವಸು ಹಾಕಿಕೊಂಡು ಬಕೆಟ್ಟನ್ನು ತಟ್ಟೆಗೆ ಸುರಿಯಿರಿ. ಹೊಡೆಯದೇ ಉಳಿದ ತುಂಬಿದ ತೋಟಾ ಒಂದಾದರೂ ಇದೆಯೇ ನೋಡಿ. ಇದ್ದರೆ ಅದು ತೊಳೆಯುವುದಕ್ಕೂ ಅಲ್ಲ, ಅಂಚೆಗೂ ಅಲ್ಲ. ಸೀದಾ ರೇಂಜಿನವರ ಕೈಗೆ ವಾಪಸ್ ಕೊಡಿ.

ಆಮೇಲೆ ಅಯಸ್ಕಾಂತ ಆಡಿಸಿ. ಹಿತ್ತಾಳೆ ಲೇಪ ಹಾಕಿದ ಉಕ್ಕಿನ ಚಿಪ್ಪುಗಳು ಅಂಟಿಕೊಂಡು ಬರುತ್ತವೆ. ಅಲ್ಯೂಮಿನಿಯಂ ಮಾತ್ರ ಮೋಸ ಮಾಡುತ್ತದೆ, ಅಂಟುವುದಿಲ್ಲ. ಅದನ್ನು ಬಿಳಚಿದ ಬಣ್ಣದಿಂದಲೇ ಹಿಡಿಯಬೇಕು. ಪುಟ್ಟ .22 ಚಿಪ್ಪುಗಳು (ಇಂಥ ಅಂಕಿಗಳೆಲ್ಲ ತೋಟಾದ ಅಳತೆಯ ಹೆಸರು) ದೊಡ್ಡವುಗಳ ಹೊಟ್ಟೆಯೊಳಗೆ ಸೇರಿ ಕೂತಿರುತ್ತವೆ. ಅವನ್ನು ಮತ್ತೆ ತುಂಬಲು ಬರುವುದಿಲ್ಲ, ತೆಗೆದು ಗುಜರಿ ಡಬ್ಬಕ್ಕೆ ಹಾಕಿ.

ಈಗ ನನ್ನ 37ರ ಕತೆ. 9 ಎಂಎಂ ಚಿಪ್ಪಿನ ಉದ್ದ ಸುಮಾರು 19 ಮಿಲಿಮೀಟರ್. .380 ಚಿಪ್ಪಿನದು 17. ದಪ್ಪದಲ್ಲಿ ಅಂಥ ವ್ಯತ್ಯಾಸ ಇಲ್ಲ. ರಾಶಿಯಲ್ಲಿ ಅಣ್ಣತಮ್ಮಂದಿರ ಹಾಗೆ ಬೆರೆತುಹೋಗುತ್ತವೆ. ಬಾಯಿ ಮೇಲೆ ಮಾಡಿ ತಟ್ಟೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಕಣ್ಣನ್ನು ಅದೇ ಮಟ್ಟಕ್ಕೆ ಇಳಿಸಿ ಒಮ್ಮೆ ನೋಡಿ. ಶಾಲೆಯ ಪ್ರಾರ್ಥನೆ ಸಾಲಿನಲ್ಲಿ ಕುಳ್ಳ ಹುಡುಗರು ಕಂಡ ಹಾಗೆ ಕಾಣುತ್ತವೆ. ನೂರು ಚಿಪ್ಪಿಗೆ ಎರಡು ನಿಮಿಷ. ನಾನು ಆ ಎರಡು ನಿಮಿಷ ಉಳಿಸಲು ಹೋಗಿದ್ದೆ.

.45 ಎಸಿಪಿಯಲ್ಲಿ ಇನ್ನೊಂದು ತರಲೆ. ಕೆಲವಕ್ಕೆ ದೊಡ್ಡ ಕೇಪು, ಕೆಲವಕ್ಕೆ ಚಿಕ್ಕದು. ಎರಡನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ. ಟಾರ್ಚ್ ಹಿಡಿದು ಚಿಪ್ಪಿನ ಒಳಗೂ ಇಣುಕಿ. ತಳದ ನಡುವೆ ಒಂದೇ ತೂತು ಇದ್ದರೆ ಅದು ಬಾಕ್ಸರ್ ಮಾದರಿ, ಸುಲಭವಾಗಿ ಮತ್ತೆ ತುಂಬಬಹುದು. ಎರಡು ಸಣ್ಣ ತೂತು ಇದ್ದರೆ ಬರ್ಡಾನ್ ಮಾದರಿ, ಯಾರೂ ಕೇಳುವುದಿಲ್ಲ. ತಮಾಷೆ ನೋಡಿ, ಈ ಕೇಪುಗಳನ್ನು ರೂಪಿಸಿದವರಲ್ಲಿ ಬಾಕ್ಸರ್ ಬ್ರಿಟಿಷರವನು, ಬರ್ಡಾನ್ ಅಮೆರಿಕದವನು. ಅಮೆರಿಕ ಒಪ್ಪಿಕೊಂಡಿದ್ದು ಬ್ರಿಟಿಷರವನ ಕೇಪನ್ನು! ಒಳಗೋಡೆಯಲ್ಲಿ ಮೆಟ್ಟಿಲಿನ ಹಾಗೆ ಅಂಚು ಇರುವ 9 ಎಂಎಂ ಚಿಪ್ಪುಗಳೂ ಸಿಗುತ್ತವೆ. ಒಳಗಿನ ಜಾಗ ಕಡಿಮೆಯಾಗುವುದರಿಂದ ರೀಲೋಡರುಗಳು ಅವನ್ನು ದೂರ ಇಡುತ್ತಾರೆ. ಬಿರುಕು, ಬಾಯಿ ಸೀಳಿದ್ದು, ಹೊಟ್ಟೆ ಉಬ್ಬಿದ್ದು ಕಂಡರೆ ಯೋಚಿಸದೆ ಎಸೆಯಿರಿ.

ತಳದಲ್ಲಿ ಒತ್ತಿದ ಅಕ್ಷರಗಳೇ ಚಿಪ್ಪಿನ ಜಾತಕ. 'ಎಲ್‌ಸಿ' ಅಂದರೆ ಮಿಸೌರಿಯ ಲೇಕ್ ಸಿಟಿ ಸೇನಾ ಕಾರ್ಖಾನೆ, 1941ರಲ್ಲಿ ಶುರುವಾದದ್ದು. ಪಕ್ಕದ 18 ಅಂದರೆ 2018. ಸೇನೆಯ ಚಿಪ್ಪಿನಲ್ಲಿ ಕೇಪು ಕಳಚದ ಹಾಗೆ ಸುತ್ತ ಅಂಚು ಒತ್ತಿರುತ್ತಾರೆ, ಇದಕ್ಕೆ ಕ್ರಿಂಪ್ ಅನ್ನುತ್ತಾರೆ. ಹೊಸ ಕೇಪು ಕೂರಿಸುವ ಮೊದಲು ಆ ಅಂಚನ್ನು ಸವರಿ ತೆಗೆಯಬೇಕು, ಅದೊಂದು ಬೇಸರದ ಕೆಲಸ. ಆದರೆ ಅದರಿಂದ ಮಾರುವವರಿಗೆ ಒಂದು ಲಾಭವೂ ಇದೆ. ಕ್ರಿಂಪ್ ಹಾಗೇ ಇದ್ದರೆ ಚಿಪ್ಪನ್ನು ಇನ್ನೂ ಯಾರೂ ಮತ್ತೆ ತುಂಬಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. 'ಒಂದೇ ಸಲ ಹೊಡೆದದ್ದು' ಎಂದು ಧೈರ್ಯವಾಗಿ ಬರೆಯಬಹುದು. ಇಂಥ ಗುರುತಿಲ್ಲದಿದ್ದರೆ, ನಿಮ್ಮ ಕಣ್ಣೆದುರು ಹೊಸ ಡಬ್ಬ ಒಡೆದು ಹೊಡೆದದ್ದೂ ಅಲ್ಲದಿದ್ದರೆ, 'ರೇಂಜಿನಲ್ಲಿ ಹೆಕ್ಕಿದ್ದು' ಎಂದಷ್ಟೇ ಬರೆಯಿರಿ.

ತೊಳೆಯುವುದು: ಅಜ್ಜಿಯ ಹುಣಸೆಹಣ್ಣು

ನೀರು, ಒಂದು ಹನಿ ಪಾತ್ರೆ ಸೋಪು, ಚಿಟಿಕೆ ಸಿಟ್ರಿಕ್ ಆಸಿಡ್. ಹಿತ್ತಾಳೆ ತಂಬಿಗೆಗೆ ಅಜ್ಜಿ ಹುಣಸೆಹಣ್ಣು ತಿಕ್ಕುತ್ತಿದ್ದರಲ್ಲ, ಅದೇ ಹುಳಿಯ ಕೆಲಸ. ತಿರುಗುವ ಡ್ರಮ್ಮಿಗೆ ಸಣ್ಣ ಉಕ್ಕಿನ ಕಡ್ಡಿಗಳನ್ನು ಸೇರಿಸಿದರೆ ಒಳಗೂ ಫಳಫಳ. ಒಣಗಿಸುವುದಕ್ಕೆ ಟೆಕ್ಸಸ್ ಬಿಸಿಲು ಸಾಕು.

ಅಮೋನಿಯ ಇರುವ ಪಾಲಿಶ್ ಮಾತ್ರ ಬೇಡ. ಇದರ ಹಿಂದೆ ನಮ್ಮ ದೇಶದ್ದೇ ಒಂದು ಕತೆ ಇದೆ. ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆಗಾಲಕ್ಕೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತು ತೆಗೆದು ನೋಡಿದರೆ ಚಿಪ್ಪುಗಳಲ್ಲಿ ಬಿರುಕು. ಆ ಕಾಲಕ್ಕೆ ಬರುವ ರೋಗವೆಂದು ಇಂಗ್ಲಿಷಿನಲ್ಲಿ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂದೇ ಹೆಸರು ಬಿತ್ತು. ಕುದುರೆ ಮೂತ್ರದ ಅಮೋನಿಯವೂ ಚಿಪ್ಪಿನೊಳಗೆ ಉಳಿದ ಬಿಗಿತವೂ ಸೇರಿ ಹೀಗಾಗುತ್ತದೆ ಎಂದು ಸ್ಪಷ್ಟವಾದದ್ದು 1921ರಲ್ಲಿ. ಬಿರುಕು ಬಿಟ್ಟ ಚಿಪ್ಪು ಯಾರದೋ ಮುಖದ ಮುಂದೆ ಸಿಡಿಯಬಹುದು.

ಸತ್ತ ಕೇಪಿನ ಮಸಿಯಲ್ಲಿ ಸೀಸ ಇರುತ್ತದೆ. ಅಡುಗೆಮನೆಯ ಸಿಂಕು, ಜರಡಿ ಮುಟ್ಟಲೇಬೇಡಿ. ಮಕ್ಕಳನ್ನು ದೂರ ಇಡಿ. ಕೆಲಸ ಮುಗಿದ ಮೇಲೆ ಕೈ ತೊಳೆದು, ಬಟ್ಟೆ ಬದಲಿಸಿ.

ತೂಕ, ಬೆಲೆ

ಸಾವಿರ ಎಣಿಸುತ್ತಾ ಕೂರಬೇಕಿಲ್ಲ. ನೂರನ್ನು ಎಣಿಸಿ ತೂಗಿ. ಬೇರೆ ನೂರು ತಗೊಂಡು ಇನ್ನೆರಡು ಸಲ ತೂಗಿ, ಸರಾಸರಿ ಹಿಡಿಯಿರಿ. ಬೇರೆ ಬೇರೆ ಕಂಪನಿಯ ಚಿಪ್ಪುಗಳ ತೂಕ ಕೊಂಚ ಹೆಚ್ಚುಕಡಿಮೆ ಇರುತ್ತದೆ, ಅದಕ್ಕೇ ಮೂರು ಸಲ. ಸಾವಿರ 9 ಎಂಎಂ ಚಿಪ್ಪು ಸುಮಾರು ಎಂಟೂವರೆ ಪೌಂಡ್ ತೂಗುತ್ತದೆ, ಸಾವಿರ .223 ಹದಿಮೂರು ಪೌಂಡ್ ದಾಟುತ್ತದೆ. ಕೊನೆಗೆ ಮೇಲೊಂದು ಹಿಡಿ ಕೊಸರು ಹಾಕಿ. ಸಂತೆಯಲ್ಲಿ ಸೊಪ್ಪಿಗೆ ಕೊಸರು ಕೇಳುವ ನಾವು ಕೊಡುವುದಕ್ಕೆ ಹಿಂದೆಮುಂದೆ ನೋಡಬಾರದು, ಅಲ್ವಾ?

ಬೆಲೆಗೆ ಕೆಳಗೊಂದು ಗೆರೆ, ಮೇಲೊಂದು ಗೆರೆ ಹಾಕಿಕೊಳ್ಳಿ. ಕೆಳಗಿನದು ಗುಜರಿ ಬೆಲೆ. ಗುಜರಿಯವನು ಪೌಂಡಿಗೆ 2 ಡಾಲರ್ ಕೊಡುತ್ತಾನೆ ಅಂದುಕೊಳ್ಳಿ, ಸಾವಿರ 9 ಎಂಎಂಗೆ 17 ಡಾಲರ್ ಆಯಿತು. ಅದಕ್ಕಿಂತ ಕಮ್ಮಿಗೆ ಮಾರುವುದಾದರೆ ಇಷ್ಟೆಲ್ಲ ಒದ್ದಾಟ ಯಾಕೆ? ಮೇಲಿನದು ಹೊಸ ಚಿಪ್ಪಿನ ಬೆಲೆ. ಹಳೆಯದನ್ನು ಅದರ ಹತ್ತಿರಕ್ಕೆ ಒಯ್ದರೆ ಗಿರಾಕಿ ಹೊಸದನ್ನೇ ತಗೊಳ್ಳುತ್ತಾನೆ. ನಡುವೆ ಎಲ್ಲಿ ನಿಲ್ಲಬೇಕು ಎನ್ನುವುದಕ್ಕೆ ಜಾಲತಾಣದ ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ಬೆಲೆ ನೋಡಿ. ಕೇಳುವ ಬೆಲೆ ಯಾರು ಎಷ್ಟು ಬೇಕಾದರೂ ಬರೆಯಬಹುದು. ಅಂಚೆ, ಟೇಪು, ಜಾಲತಾಣದ ಪಾಲು ಕಳೆದು ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿ.

9 ಎಂಎಂ ಕಡಲೆಕಾಯಿ ಇದ್ದ ಹಾಗೆ, ಸಾವಿರದ ಲೆಕ್ಕದಲ್ಲೇ ಹೋಗುತ್ತದೆ. .308ರಂಥ ರೈಫಲ್ ಚಿಪ್ಪು ಬಿಡಿಗೆ ಜಾಸ್ತಿ ಬೆಲೆಯದು. ಒಂದೇ ಮುದ್ರೆಯವನ್ನು ಐವತ್ತು, ನೂರರ ಕಟ್ಟು ಮಾಡಿ. ಫಿನ್ಲೆಂಡಿನ ಲಪುವಾ ಕಂಪನಿಯ ಮುದ್ರೆ ಸಿಕ್ಕರೆ ಸಾಮಾನ್ಯದ್ದರ ಜೊತೆ ಬೆರೆಸಬೇಡಿ. ಅಪರೂಪದ ಹಳೆ ಅಳತೆಯದು ಇಪ್ಪತ್ತೇ ಇದ್ದರೂ ಅದಕ್ಕೊಬ್ಬ ಕಾಯುತ್ತಿರುತ್ತಾನೆ.

ಕಟ್ಟಿ ಕಳಿಸುವುದು

ಅಮೆರಿಕದ ಅಂಚೆ ಇಲಾಖೆಯ ಫ್ಲಾಟ್ ರೇಟ್ ಡಬ್ಬ ಈ ವ್ಯಾಪಾರಕ್ಕೆಂದೇ ಮಾಡಿದ ಹಾಗಿದೆ. ಡಬ್ಬ ಪುಕ್ಕಟೆ. ದೇಶದೊಳಗೆ 70 ಪೌಂಡ್ ತನಕ ಒಂದೇ ದರ. ಚಿಕ್ಕದರಲ್ಲಿ 9 ಎಂಎಂ ಚಿಪ್ಪು ಸುಮಾರು ಐನೂರು ಹಿಡಿಯುತ್ತದೆ, ಮಧ್ಯಮದಲ್ಲಿ ಎರಡು ಸಾವಿರ ಆರಾಮಾಗಿ. ಹೊರದೇಶಕ್ಕೆ ಕಳಿಸಲು ಹೋಗಬೇಡಿ, ಅದರ ರಫ್ತು ನಿಯಮಗಳೇ ಬೇರೆ. ಜೀವಂತ ತೋಟಾ, ಹೊಸ ಕೇಪು ಕೂರಿಸಿದ ಚಿಪ್ಪು ಈ ಅಂಚೆಯಲ್ಲಿ ಹೋಗುವಂತಿಲ್ಲ. ಡಬ್ಬ ಮುಚ್ಚುವ ಮೊದಲು ಕೊನೆಯ ಸಲ ಕೈಯಾಡಿಸಿ ನೋಡಿ.

ಸಾವಿರಕ್ಕೊಂದು ದಪ್ಪ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಇನ್ನೊಂದು. ಒಳಗೊಂದು ಚೀಟಿ: ಅಳತೆ, ಎಣಿಕೆ, ತೊಳೆದದ್ದೋ ಇಲ್ಲವೋ. ಖಾಲಿ ಜಾಗಕ್ಕೆ ಹಳೆ ಪತ್ರಿಕೆ ಗಟ್ಟಿಯಾಗಿ ತುರುಕಿ. ಡಬ್ಬ ಅಲ್ಲಾಡಿಸಿದರೆ ಗಲಗಲ ಸದ್ದು ಬರಬಾರದು. ಸದ್ದು ಬಂದರೆ ಒಳಗಿನ ತೂಕ ಗುದ್ದಿ ಗುದ್ದಿ ದಾರಿಯಲ್ಲೇ ಮೂಲೆ ಹರಿಯುತ್ತದೆ, ರೈಫಲ್ ಚಿಪ್ಪಿನ ಬಾಯಿ ಜಜ್ಜಿಹೋಗುತ್ತದೆ. ಎಲ್ಲ ಅಂಚಿಗೂ ಅಗಲ ಟೇಪು ಎರಡು ಸುತ್ತು. ಮಾರುವ ಫೋಟೊದಲ್ಲಿ ಹೊಳೆಯುವ ನಾಲ್ಕನ್ನು ಮಾತ್ರ ತೋರಿಸಬೇಡಿ. ಇಡೀ ರಾಶಿ ಒಂದು, ತಳದ ಮುದ್ರೆಗಳು ಒಂದು, ಕೆಟ್ಟದಾಗಿ ಕಾಣುವ ಹಿಡಿಯೊಂದು, ಮೂರು ಫೋಟೊ ಸಾಕು.

"ರೀ, ಈ ಗುಜರಿ ಅಂಗಡಿ ಯಾವಾಗ ಮುಚ್ತೀರಿ?" ಅಂತ ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಮೊದಲ ಗಿರಾಕಿಗೆ ನಾನು 37ರ ಬದಲು 50 ಸರಿಯಾದ ಚಿಪ್ಪು ಕಳಿಸಿದೆ. ಆ 37ನ್ನು ಅವರು ವಾಪಸ್ ಮಾಡಲಿಲ್ಲ. ಅವರ ಮನೆಯವರ ಪಿಸ್ತೂಲು .380 ಅಂತೆ.