‘ಪಿಂಗ್ ಪಾಂಗ್’ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್: ನನ್ನ ಅನುಭವ

ಫುಮಿಹಿಕೊ ಸೊರಿ ನಿರ್ದೇಶನದ ಜಪಾನೀ ಚಿತ್ರ ‘ಪಿಂಗ್ ಪಾಂಗ್’ (2002) ಗೆ ನಾನು ಬರೆದ ಕನ್ನಡ ಸಬ್‌ಟೈಟಲ್ ಮೂರನೆಯ ಪ್ರದರ್ಶನದಲ್ಲಿ ಕೊನೆಗೂ ಕೈಹಿಡಿಯಿತು. ಕನ್ನಡದ ಪದಗಳು ಉದ್ದ, ಟೇಬಲ್ ಟೆನಿಸ್ಸಿನ ವೇಗಕ್ಕೆ ಅವನ್ನು ಓದುವುದು ಆಗದ ಮಾತು ಎಂದು ನಮ್ಮ ಚಿತ್ರ ಸಮಾಜದ ಹಿರಿಯರೇ ಹೇಳಿದ್ದರಿಂದ, ಮಾಡಿದ ರೀತಿಯನ್ನು ಬರೆದಿಡುತ್ತಿದ್ದೇನೆ.

ಮೊದಲು ಇಂಗ್ಲಿಷ್ ಸಬ್‌ಟೈಟಲ್‌ನಿಂದಲೇ ಅನುವಾದಿಸಿ ಎರಡು ತಿಂಗಳು ಕಳೆದುಕೊಂಡೆ. ಸುಮಾರು 1,200 ಸಾಲುಗಳಿದ್ದಿರಬೇಕು. ಎಲ್ಲರೂ ಒಂದೇ ದನಿಯಲ್ಲಿ ಮಾತನಾಡುತ್ತಿದ್ದರು. ಆಮೇಲೆ ಜಪಾನಿ ಬಲ್ಲ ಒಬ್ಬರಿಗೆ ಎಂಟು ಸಾವಿರದಷ್ಟು ಕೊಟ್ಟು, ಸಂಭಾಷಣೆಯನ್ನು ಜೊತೆಗೆ ಕುಳಿತು ಕೇಳಿಸಿಕೊಂಡೆ. ಚಿತ್ರದ ಮುಖ್ಯ ಪಾತ್ರಗಳು ಟೇಬಲ್ ಟೆನಿಸ್ ಆಡುವ ಇಬ್ಬರು ಗೆಳೆಯರು, ಸ್ಮೈಲ್ ಮತ್ತು ಪೆಕೊ. ಎಂದೂ ನಗದ ಸ್ಮೈಲ್ ‘ನಾನು’ ಎನ್ನಲು ‘ಬೊಕು’ ಎಂಬ ಮೆದು ಪದ ಬಳಸುತ್ತಾನೆ, ಪೆಕೊನ ಮಾತು ಒರಟು. ಆದ್ದರಿಂದ ಸ್ಮೈಲ್‌ಗೆ ‘ಬರುತ್ತೇನೆ’, ಪೆಕೊಗೆ ‘ಬರ್ತೀನಿ’ ಎಂದು ಕೊನೆಯವರೆಗೂ ಬಿಡದೆ ಪಾಲಿಸಿದೆ. ಇಬ್ಬರ ಸ್ನೇಹದ ಅಂತರ ಈ ಎರಡು ಕ್ರಿಯಾಪದಗಳಲ್ಲೇ ಕಾಣಿಸಿತು. ಅಬ್ಬರದ ಮಾತು ಹೆಚ್ಚಾಗಿ ಪೆಕೊನದು, ‘ಬರ್ತೀನಿ’ಯಂಥ ಆಡುಮಾತಿನ ರೂಪ ಗಿಡ್ಡ, ಆದ್ದರಿಂದ ಸಾಲುಗಳೂ ತಾವಾಗಿ ಚಿಕ್ಕವಾದವು.

ಹೆಚ್ಚು ಕಾಡಿದ್ದು ‘ಹೀರೊ ಕೆನ್‌ಜಾನ್’ ಎಂಬ ಕೂಗು. ಕಷ್ಟದಲ್ಲಿ ಸಿಕ್ಕಾಗ ಮನಸ್ಸಿನಲ್ಲೇ ಮೂರು ಸಲ ಹೇಳಬೇಕಾದ ಮಾತು ಅದು. ‘ಕೆನ್‌ಜಾನ್’ ಎಂಬುದು ಹಳೆಯ ಸಮುರಾಯ್ ಕಥೆಗಳ ಗತ್ತಿನ ಪದ. ‘ಹೀರೊ ಬಂದ’ ಎಂದರೆ ಗತ್ತು ಹೋಗುತ್ತದೆ, ‘ವೀರಾಗಮನ’ ಎಂದರೆ ಹುಡುಗನ ಬಾಯಿಗೆ ಹೊಂದುವುದಿಲ್ಲ. ನಮ್ಮ ಪೌರಾಣಿಕ ನಾಟಕಗಳ ಪ್ರವೇಶವನ್ನು ನೆನೆದು ‘ಇದೋ ಬಂದ ವೀರ’ ಎಂದಿಟ್ಟೆ. ಇದಕ್ಕಿಂತ ಒಳ್ಳೆಯದು ಇದೆಯೆಂದು ನನಗೆ ಅನ್ನಿಸುವುದಿಲ್ಲ.

ಎರಡನೆಯ ಪ್ರದರ್ಶನ ಕೆಟ್ಟದ್ದು ಅಕ್ಷರದಿಂದ. ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ, ‘ಸ್ಪಿನ್ ಹೆಚ್ಚಾಗಿದೆ’ ಎಂಬುದು ಬರಿಯ ಕಪ್ಪು ಗಂಟಿನಂತೆ ಕಂಡಿತು. ಸಭಾಂಗಣದ ಬಾಡಿಗೆ ಆರು ಸಾವಿರ ಅಂದು ನೀರಿನಲ್ಲಿ ಹೋಯಿತು. ಈಗ ಎರಡು ಸಾಲು ಒಟ್ಟಿಗೆ ಬರುವುದನ್ನು ಆದಷ್ಟೂ ತಪ್ಪಿಸಿದ್ದೇನೆ. ಸಾಲಿಗೆ ಹದಿನೆಂಟು ಅಕ್ಷರ, ಸೆಕೆಂಡಿಗೆ ಏಳೆಂಟು.

ಪಂದ್ಯದ ದೃಶ್ಯಗಳಲ್ಲಿ ಬೇರೊಂದು ಪ್ರಯೋಗ ಮಾಡಿದೆ. ಈ ಚಿತ್ರದಲ್ಲಿ ಹಲವು ಕಡೆ ನಟರು ಚೆಂಡಿಲ್ಲದೆ ಬ್ಯಾಟ್ ಬೀಸಿದ್ದಾರೆ, ಚೆಂಡನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಲಾಗಿದೆ. ‘ಟೈಟಾನಿಕ್’ನ ದೃಶ್ಯ ಪರಿಣಾಮಗಳಲ್ಲಿ ದುಡಿದಿದ್ದ ಸೊರಿಗೆ ಅದು ಪಳಗಿದ ಕೆಲಸ. ಆ ಚೆಂಡಿನಿಂದ ಕಣ್ಣು ಕೆಳಗಿಳಿಯುವುದೇ ಇಲ್ಲ. ಹೀಗಾಗಿ ರ‍್ಯಾಲಿ, ಅಂದರೆ ಚೆಂಡಿನ ಅತ್ತಿತ್ತ ಹೊಡೆದಾಟ, ನಡೆಯುವಾಗ ಒಂದಕ್ಷರವನ್ನೂ ತೋರಿಸದೆ, ಮಾತನ್ನು ಮುಂದಿನ ಸರ್ವಿಸ್‌ವರೆಗೆ ತಡೆದೆ. ಎಷ್ಟು ಫ್ರೇಮ್ ತಡೆಯಬೇಕೆಂಬ ಲೆಕ್ಕವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಪ್ರದರ್ಶನದ ಅನುಮತಿಯೂ ಸೇರಿ ನನ್ನ ಕೈಯಿಂದ ನಲವತ್ತು ಸಾವಿರದ ಹತ್ತಿರ ಹೋಗಿದೆ, ಬಂದದ್ದು ಹನ್ನೊಂದು ಸಾವಿರ. ನಾಲ್ಕನೆಯ ಪ್ರದರ್ಶನಕ್ಕೆ ಹಿಂದಿನ ಸಾಲಿನವರಿಗಾಗಿ ಅಕ್ಷರವನ್ನು ಇನ್ನೊಂದು ಅಳತೆ ದೊಡ್ಡದು ಮಾಡುತ್ತಿದ್ದೇನೆ.