ಕಿವಿ ಚುಚ್ಚದ ಸ್ಪೀಕರ್ ಆರಿಸುವುದು ಹೇಗೆ?

ಅಂಗಡಿಯಲ್ಲಿ ಐದು ನಿಮಿಷ ಕೇಳಿ ಮರುಳಾಗಿ ಒಂದು ಜೋಡಿ ಸ್ಪೀಕರ್ ಮನೆಗೆ ತಂದಿದ್ದೆ. ತಾಳದ ಒಂದೊಂದು ಪೆಟ್ಟೂ ಬಿಡಿಬಿಡಿ, ಪಿಟೀಲಿನ ಕಮಾನು ತಂತಿಗೆ ಉಜ್ಜುವುದೂ ಸ್ಪಷ್ಟ. ವಾರ ಕಳೆಯುವಷ್ಟರಲ್ಲಿ ಗೊತ್ತಾಯಿತು, ಯಾವ ಕಛೇರಿಯನ್ನೂ ನಾನು ಪೂರ್ತಿ ಕೇಳುತ್ತಿಲ್ಲ. ಅರ್ಧಕ್ಕೇ ಎದ್ದು ಬಂದ್ ಮಾಡುತ್ತಿದ್ದೇನೆ. ಗಾಯಕಿ ‘ಶ್ರೀ’ ಎಂದಾಗಲೆಲ್ಲ ಸೂಜಿ ಆಡಿಸಿದ ಹಾಗೆ. ಅಂಗಡಿಯಲ್ಲಿ ನನ್ನನ್ನು ಗೆದ್ದಿದ್ದ ಆ ಚುರುಕೇ ಮನೆಯಲ್ಲಿ ತಲೆನೋವಾಗಿತ್ತು.

ನಿಮ್ಮದೂ ಇಂಥದೇ ಕಿವಿಯಾದರೆ, ಹಣ ಕೊಡುವ ಮೊದಲು ಈ ಕ್ರಮದಲ್ಲಿ ಹೋಗಿ.

ಕಿವಿ ಮೊದಲು

ಕುಕ್ಕರ್ ಸೀಟಿ, ಸ್ಟೀಲ್ ತಟ್ಟೆಯ ಸದ್ದಿಗೂ ನೋವಾಗುತ್ತದೆ, ಕಿವಿಯಲ್ಲಿ ಗುಂಯ್‌ಗುಡುತ್ತದೆ ಎಂದಾದರೆ ಅದು ಸ್ಪೀಕರ್ ಅಂಗಡಿಯ ಕೆಲಸವಲ್ಲ. ಕಿವಿ ವೈದ್ಯರನ್ನು ಕಾಣಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ.

ಉಳಿದವರಿಗೆ ಒಂದು ಲೆಕ್ಕ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದು ಸುಮಾರು 2ರಿಂದ 5 ಕಿಲೋಹರ್ಟ್ಸ್ (ಸೆಕೆಂಡಿಗೆ 2,000ರಿಂದ 5,000 ಕಂಪನ) ನಡುವೆ. ಕಿವಿಯ ನಾಳ ಎರಡೂವರೆ ಸೆಂಟಿಮೀಟರ್‌ನ ಒಂದು ಪುಟ್ಟ ಕೊಳವೆ. ಅದು ಮಾರ್ದನಿಸುವುದೇ 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಸ, ಶ, ಚ ಅಕ್ಷರಗಳ ಸೀಳು ಅದಕ್ಕಿಂತ ಮೇಲೆ, 5ರಿಂದ 8ರವರೆಗೆ. ‘ಬೆಚ್ಚಗಿನ’ ನಾದ ಅಂತಾರಲ್ಲ, ಆ ತುಂಬುತನ ಕೆಳಗೆ 100ರಿಂದ 300 ಹರ್ಟ್ಸ್‌ನಲ್ಲಿದೆ. ಕೆಳಗೆ ತುಸು ತುಂಬಿ, ಮೇಲೆ ತುಸು ಇಳಿದಿರುವ ಸ್ಪೀಕರ್ ನಿಮಗೆ ಬೇಕಾದ್ದು.

ಚಪ್ಪಾಳೆ ತಟ್ಟಿ ನೋಡಿ

ಪರ್ಸ್ ತೆಗೆಯುವ ಮುಂಚೆ ಹಾಲ್ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿ. ‘ಟಪ್’ ಎಂದು ಸತ್ತರೆ ಸರಿ. ಹಿಂದೆಯೇ ‘ಟ್ರಿಂಯ್’ ಎಂದು ಬಾಲ ಬಂದರೆ ಅರ್ಧ ಕರ್ಕಶ ನಿಮ್ಮ ಮನೆಯದೇ. ವಿಟ್ರಿಫೈಡ್ ಟೈಲ್ಸ್, ಬೋಳು ಗೋಡೆ, ದೊಡ್ಡ ಗಾಜಿನ ಕಿಟಕಿ: ಈಗಿನ ನಮ್ಮ ಮನೆಗಳೆಲ್ಲ ಹೀಗೇ. ಸ್ಪೀಕರ್‌ಗೂ ನೀವು ಕೂರುವ ಜಾಗಕ್ಕೂ ನಡುವೆ ದಪ್ಪ ಜಮಖಾನ ಹಾಸಿ, ಕಿಟಕಿಗೆ ನೆರಿಗೆ ತುಂಬಿದ ಪರದೆ ಬಿಡಿ, ಒಂದು ಗೋಡೆಗೆ ಪುಸ್ತಕದ ಕಪಾಟು ಸರಿಸಿ. ಮತ್ತೆ ಚಪ್ಪಾಳೆ ತಟ್ಟಿ. ಇಷ್ಟರಿಂದಲೇ ಹಳೆಯ ಸ್ಪೀಕರ್ ಸಹ್ಯವಾಗಿಬಿಟ್ಟರೆ ದುಡ್ಡು ಉಳಿಯಿತು.

ಸ್ಪೀಕರ್‌ನ ವಿವರಪಟ್ಟಿಯಲ್ಲಿ ಏನು ಓದಬೇಕು

‘20ರಿಂದ 20,000 ಹರ್ಟ್ಸ್’ ಎಂಬ ಸಾಲಿನಿಂದ ಏನೂ ತಿಳಿಯದು. ಅಳತೆಯ ಗ್ರಾಫ್ ಸಿಕ್ಕರೆ 2ರಿಂದ 10 ಕಿಲೋಹರ್ಟ್ಸ್ ನಡುವೆ ಗೆರೆ ಗೂನಿನಂತೆ ಎದ್ದಿದೆಯೇ ನೋಡಿ; ಎದ್ದಿದ್ದರೆ ಅದನ್ನು ಬಿಟ್ಟು ಬೇರೆ ಸ್ಪೀಕರ್ ನೋಡಿ. ರೇಷ್ಮೆಯ ಟ್ವೀಟರ್ (ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಭಾಗ) ಮೃದು, ಲೋಹದ್ದು ಚೂಪು ಅನ್ನುವುದು ಅಂಗಡಿಯವರ ಬಾಯಿಪಾಠ. ಪೂರ್ತಿ ಸುಳ್ಳಲ್ಲ, ಆದರೆ ಮೇಲಿನ, ಕೆಳಗಿನ ಸ್ವರಗಳನ್ನು ಬೇರ್ಪಡಿಸಿ ಹಂಚುವ ಕ್ರಾಸ್‌ಓವರ್ ಕೆಟ್ಟದಾಗಿದ್ದರೆ ರೇಷ್ಮೆಯೂ ಚುಚ್ಚುತ್ತದೆ.

ಬೆಚ್ಚಗಿನ ನಾದಕ್ಕೆ ಹೆಸರಾದದ್ದು ಬಿಬಿಸಿಯ ಎಲ್‌ಎಸ್3/5ಎ ಸ್ಪೀಕರ್. 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಮಾತು ಕೇಳಿ ತೂಗಲೆಂದು ಮಾಡಿದ, ಒಂದಡಿ ಎತ್ತರದ ಪೆಟ್ಟಿಗೆ. ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಮುಂತಾದವರು ಪರವಾನಗಿ ಪಡೆದು ತಯಾರಿಸಿದರು. ಮನುಷ್ಯ ಕಂಠ ಅದರಲ್ಲಿ ಚೆಂದ. ಆಳದ ಬೇಸ್ ಇಲ್ಲ. ಸೆನ್ಸಿಟಿವಿಟಿ (ಕೊಟ್ಟ ವಿದ್ಯುತ್ತಿಗೆ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಎಂಬ ಅಂಕಿ) 83 ಡೆಸಿಬಲ್ ಆಸುಪಾಸು, ಇದು ಕಡಿಮೆ, ಅಂದರೆ ಆಂಪ್ಲಿಫೈಯರ್ ಹೆಚ್ಚು ದುಡಿಯಬೇಕು. ಯಾವ ಸ್ಪೀಕರ್‌ಗಾದರೂ ಈ ಅಂಕಿ ನೋಡಿ. ಪುಟ್ಟ ಆಂಪ್ ಅನ್ನು ಮಿತಿಮೀರಿ ತಿರುಗಿಸಿದರೆ ಸದ್ದಿನ ಅಲೆಯ ತುದಿ ಕತ್ತರಿಸಿಹೋಗಿ, ಕೀರಲು ಹುಟ್ಟುವುದು ಅಲ್ಲೇ.

ಅಂಗಡಿಯಲ್ಲಿ

ಅವರ ಡೆಮೊ ಹಾಡು ಬೇಡ. ನಿಮ್ಮ ಮೂರು ತುಣುಕು ಒಯ್ಯಿರಿ: ಮಹಿಳೆಯೊಬ್ಬರು ವಾರ್ತೆ ಓದುವುದು, ನಾಗಸ್ವರ, ಮತ್ತೆ ಕೀಚಲಾಗಿಯೇ ಮುದ್ರಣವಾದ ಒಂದು ಹಳೆಯ ಸಿನಿಮಾ ಹಾಡು. ಆ ಹಾಡನ್ನೂ ಕೂತು ಕೇಳುವಂತೆ ಮಾಡಿದ ಸ್ಪೀಕರ್ ನಿಮ್ಮದು.

ಎರಡು ಜೋಡಿ ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಲಿ. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಫೋನಿನ ಸೌಂಡ್ ಮೀಟರ್ ಆ್ಯಪ್‌ನಲ್ಲಿ ಎರಡನ್ನೂ 70 ಡೆಸಿಬಲ್‌ಗೆ ತನ್ನಿ. ಆಮೇಲೆ ಇನ್ನೂ ತಗ್ಗಿಸಿ ಕೇಳಿ, ಮನೆಯಲ್ಲಿ ನೀವು ಕೇಳುವುದು ಹಾಗೇ ತಾನೆ? ಸದ್ದು ತಗ್ಗಿದಂತೆ ಕಿವಿಗೆ ಬೇಸ್ ಇನ್ನಷ್ಟು ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸಣ್ಣ ಸದ್ದಿನಲ್ಲೂ ದನಿ ಬಡಕಲಾಗಬಾರದು.

ನಲವತ್ತು ನಿಮಿಷವಾದರೂ ಕೂರಿ. ‘ಸಾರ್, ಇನ್ನೂ ಕೇಳ್ತೀರಾ?’ ಅಂತಾರೆ. ಹೂಂ ಅನ್ನಿ. ವಾರದ ನಡುವೆ ಮಧ್ಯಾಹ್ನ ಹೋದರೆ ಈ ಮುಜುಗರ ಕಡಿಮೆ.

ಬೆಚ್ಚಗಿರಲಿ ಎಂದು ಮಂಕಾದದ್ದನ್ನು ತರುವವರೂ ಇದ್ದಾರೆ. ಮೃದಂಗದ ಎಡಗಡೆಯ ತೊಪ್ಪಿ ಕೇಳಿ: ‘ತೊಂ’ ಎಂದು ಎದ್ದು ನಿಲ್ಲಬೇಕು, ಮುಂದಿನ ಪೆಟ್ಟಿನವರೆಗೂ ಊದಿಕೊಂಡೇ ಇದ್ದರೆ ಬೇಡ.

ಮನೆಗೆ ತಂದ ಮೇಲೆ

ಟ್ವೀಟರ್ ನೇರ ಕಿವಿಗೆ ಗುರಿಯಿಟ್ಟಂತೆ ತಿರುಗಿಸಬೇಡಿ. ಎರಡೂ ನಿಮ್ಮ ಹೆಗಲಾಚೆ ನೋಡಲಿ. ಮೇಲಿನ ಸ್ವರಗಳು ಟಾರ್ಚ್ ಬೆಳಕಿನಂತೆ ಮುಂದಕ್ಕೇ ಹೋಗುವುದರಿಂದ ಬದಿಗೆ ಕೂತವರಿಗೆ ಚೂಪು ಕಡಿಮೆ. ಗೋಡೆಗೆ ಹತ್ತಿರ ಸರಿಸಿದಷ್ಟೂ ಬೇಸ್ ಏರುತ್ತದೆ, ಮೂಲೆಗೆ ತಳ್ಳಿದರೆ ಬರೀ ಗುಮ್ಮೆನ್ನುತ್ತದೆ. ಗೋಡೆಯಿಂದ ಒಂದಡಿಯಲ್ಲಿ ಶುರುಮಾಡಿ. ಆಂಪ್‌ನ ಟ್ರೆಬಲ್ (ಮೇಲಿನ ಸ್ವರಗಳ) ತಿರುಗುಣಿ ಇಳಿಸುವುದಕ್ಕೆ ನಾಚಿಕೆ ಬೇಡ, ಅದನ್ನು ಇಟ್ಟಿರುವುದೇ ಅದಕ್ಕೆ.

ವಾಪಸ್ ಎಷ್ಟು ದಿನದೊಳಗೆ ಎಂಬುದನ್ನು ಬಿಲ್ ಮೇಲೇ ಬರೆಸಿಕೊಳ್ಳಿ. ಅಲ್ಲಿಯವರೆಗೆ ರಟ್ಟಿನ ಡಬ್ಬ, ಥರ್ಮೋಕೋಲ್ ಎಲ್ಲ ಅಟ್ಟದ ಮೇಲಿರಲಿ. ನಾನು ತಂದ ದಿನವೇ ಗುಜರಿಯವನಿಗೆ ಹಾಕಿಬಿಟ್ಟಿದ್ದೆ.